ಗೊಣ್ಣೆ ಹುಳಕ್ಕೆ ಮೂರು ಮದ್ದು: ಜಂತುಹುಳುವೋ, ಬೂಷ್ಟೋ, ಕೀಟನಾಶಕವೋ?

ಶಿರಾ ಕಡೆಯ ನಮ್ಮ ಕೆಂಪು ಮಣ್ಣಿನಲ್ಲಿ ಕಡ್ಲೆಕಾಯಿ ಬೆಳೆಯುವವರಿಗೆ ಮಣ್ಣೊಳಗಿದ್ದು ಬೇರು ತಿನ್ನುವ ಗೊಣ್ಣೆ ಹುಳ ಹೊಸದಲ್ಲ. ಚೆನ್ನಾಗಿದ್ದ ಸಾಲಿನಲ್ಲಿ ಒಂದೊಂದೇ ಗಿಡ ಬಾಡುತ್ತದೆ. ಎಳೆದರೆ ಸಲೀಸಾಗಿ ಕೈಗೆ ಬರುತ್ತದೆ, ಬುಡದಲ್ಲಿ ಬೇರುಗಳೇ ಇರುವುದಿಲ್ಲ. ಕಳೆದ ಮುಂಗಾರಿನಲ್ಲಿ ಹತ್ತತ್ತು ಗುಂಟೆಯ ಮೂರು ತುಂಡಿಗೆ ಮೂರು ಮದ್ದು ಹಾಕಿ ನೋಡಿದೆ.

ಕೀಟನಾಶಕ ಕ್ಲೋರೋಪೈರಿಫಾಸ್ ಬೇಗ ಕೆಲಸ ಮಾಡಿತು, ಸುಳ್ಳು ಹೇಳಲ್ಲ. ಆದರೆ ಎರೆಹುಳುವೂ ಸತ್ತವು. ಹೊಲಕ್ಕೆ ಹೋಗದ ಹಾಗೆ ಕೋಳಿ ಕಾಯುವುದೇ ಅಮ್ಮನಿಗೆ ಒಂದು ಕೆಲಸವಾಯಿತು.

ಹುಳಕ್ಕೆ ರೋಗ ತರುವ ಮೆಟರೈಜಿಯಂ ಬೂಷ್ಟು ಅಗ್ಗ. ಬಿತ್ತನೆಗೆ ಮೊದಲೇ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ, ನೆರಳಲ್ಲಿ ಒದ್ದೆ ಗೋಣಿ ಹೊದಿಸಿಟ್ಟು, ಆಮೇಲೆ ಹೊಲಕ್ಕೆ ಹಾಕಿದೆ. ನಿಧಾನ ಅಂದ್ರೆ ನಿಧಾನ. ವಾರಗಟ್ಟಲೆ ಕಾದ ಮೇಲೆ ಹಸಿರು ಪುಡಿ ಮೆತ್ತಿದ, ಗಟ್ಟಿಯಾದ ಹುಳಗಳು ಸಿಕ್ಕವು.

ಇನ್ನು ಜಂತುಹುಳು, ಅಂದ್ರೆ ನೆಮಟೋಡ್, ಮಣ್ಣಿನಲ್ಲಿರುವ ಸಣ್ಣ ಹುಳು. 'ನೆಮಟೋಡ್ ದುಡ್ಡು ಕೊಟ್ಟು ತಂದ್ಯಾ?' ಎಂದು ಪಕ್ಕದ ಹೊಲದ ಟೊಮೆಟೊ ಬೆಳೆಯುವ ಅಣ್ಣ ನಕ್ಕರು. ಅವರಿಗೆ ಗೊತ್ತಿರುವುದು ಟೊಮೆಟೊ ಬೇರಿಗೆ ಗಂಟು ಕಟ್ಟಿಸಿ ಬೆಳೆ ಕೆಡಿಸುವ ಜಂತು. ಇದು ಬೇರೆ, ಹೆಟೆರೊರ್‍ಹಾಬ್ಡಿಟಿಸ್ ಇಂಡಿಕಾ. ಗಿಡದ ಬೇರು ಮುಟ್ಟಲ್ಲ, ಗೊಣ್ಣೆ ಹುಳದ ಮೈಯೊಳಗೆ ನುಗ್ಗಿ ತನ್ನ ಹೊಟ್ಟೆಯಲ್ಲಿರುವ ಬ್ಯಾಕ್ಟೀರಿಯಾ ಬಿಡುತ್ತದೆ. ಎರಡು ಮೂರು ದಿನದಲ್ಲಿ ಹುಳ ಸಾಯುತ್ತದೆ. ಇದನ್ನು ನೀರಿಗೆ ಕಲಸುವ ಪುಡಿಯಾಗಿ ಮಾಡುವ ವಿಧಾನವನ್ನು ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದವರು ರೂಪಿಸಿದ್ದಾರೆ.

ಮೊದಲ ಸಲ ನಾನೇ ಕೆಡಿಸಿದೆ. ಪ್ಯಾಕೆಟ್ಟನ್ನು ಬಿಸಿಲಲ್ಲೇ ಬೈಕಿಗೆ ತೂಗುಹಾಕಿ ತಂದು, ಬೆಳಿಗ್ಗೆ ಹನ್ನೊಂದಕ್ಕೆ ಒಣ ನೆಲಕ್ಕೆ ಹೊಡೆದೆ. ಹೊಳೆಯಲ್ಲಿ ಹುಣಸೆ ತೊಳೆದಂತಾಯಿತು. ಎರಡನೇ ಪ್ಯಾಕೆಟ್ಟಿನ ಚಿಟಿಕೆ ಪುಡಿಯನ್ನು ನೀರಿನ ಲೋಟಕ್ಕೆ ಹಾಕಿ ಭೂತಗನ್ನಡಿಯಲ್ಲಿ ನೋಡಿದೆ. ದಾರದ ಚೂರಿನ ಹಾಗೆ ಅಲುಗಾಡುತ್ತಿದ್ದವು. ಸ್ಪ್ರಿಂಕ್ಲರ್‌ನಲ್ಲಿ ನೆಲ ನೆನೆಸಿ, ನಾಝಲ್ ಒಳಗಿನ ಜಾಲರಿ ತೆಗೆದು, ಹೊತ್ತು ಮುಳುಗುವಾಗ ಬುಡಕ್ಕೆ ಹಾಕಿ, ಮತ್ತೆ ಸ್ವಲ್ಪ ನೀರು ಕೊಟ್ಟೆ. ನಾಲ್ಕನೇ ದಿನ ಅಗೆದರೆ ಇಟ್ಟಿಗೆ ಬಣ್ಣಕ್ಕೆ ತಿರುಗಿದ ಹುಳ! ಕೊಳೆತ ವಾಸನೆಯೂ ಇಲ್ಲ. ಎಳೆ ಹುಳಗಳೇ ಜಾಸ್ತಿ ಸತ್ತಿದ್ದವು, ದಪ್ಪಗೆ ಬಲಿತವು ಜಗ್ಗಲಿಲ್ಲ.

ಖರ್ಚು ಮೂರರಲ್ಲೂ ಇದಕ್ಕೇ ಜಾಸ್ತಿ. ಬರೀ ಮಳೆ ನಂಬಿದ ಹೊಲಕ್ಕೆ ಸುಮ್ನೆ ತರಬೇಡಿ. ಈ ವರ್ಷ ಸ್ಪ್ರಿಂಕ್ಲರ್ ಇರುವ ಕಡೆ ಮಾತ್ರ ಜಂತುಹುಳು, ಮಿಕ್ಕಿದ್ದಕ್ಕೆ ಮೆಟರೈಜಿಯಂ. ಮೊದಲ ಮಳೆಗೆ ಗೊಣ್ಣೆ ಹುಳ ಬೆಳೆದು ಆಗುವ ದುಂಬಿ ಏಳುತ್ತವಲ್ವಾ, ಆ ರಾತ್ರಿ ಬೇವಿನ ಮರ ಅಲ್ಲಾಡಿಸಿ ಸೀಮೆಎಣ್ಣೆ ನೀರಿನ ಬಕೆಟ್ಟಿಗೆ ತುಂಬುವುದಂತೂ ಎರಡೂ ಕಡೆ ಇದ್ದದ್ದೇ.