ಪ್ಯಾಕ್ಸ್ ಅಡ್ಮಿನ್ ಕೋರ್ಸ್‌ಗೆ ದುಡ್ಡು ಕಟ್ಟುವ ಮೊದಲು ಇದನ್ನು ಓದಿ

ಮೆಡಿಕಲ್ ಇಮೇಜಿಂಗ್ ಓದಿದವರ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಜಾಹೀರಾತು ಪದೇ ಪದೇ ಬರುತ್ತದೆ. ನೀವೂ ನೋಡಿರುತ್ತೀರಿ. ‘ಮೂರು ತಿಂಗಳಲ್ಲಿ ಪ್ಯಾಕ್ಸ್ ಅಡ್ಮಿನಿಸ್ಟ್ರೇಟರ್ ಆಗಿ. ಇಂಟರ್‌ನ್ಯಾಷನಲ್ ಸರ್ಟಿಫಿಕೇಟ್. ನೂರಕ್ಕೆ ನೂರು ಕೆಲಸ ಗ್ಯಾರಂಟಿ. ನೈಟ್ ಡ್ಯೂಟಿ ಇಲ್ಲ, ರೇಡಿಯೇಷನ್ ಇಲ್ಲ.’ ಕೆಳಗೆ ಒಂದು ಮೊಬೈಲ್ ನಂಬರು, ಪಕ್ಕದಲ್ಲಿ ಕೆಂಪಕ್ಷರದಲ್ಲಿ ‘ಕೊನೆಯ ಕೆಲವೇ ಸೀಟು’. ಬೆಂಗಳೂರಿನ ಇಂಥದ್ದೇ ಒಂದು ಇನ್‌ಸ್ಟಿಟ್ಯೂಟಿಗೆ ನಾನು 75 ಸಾವಿರ ರೂಪಾಯಿ ಕಟ್ಟಿದೆ. ಅವರು ಕೊಡಿಸಿದ ಕೆಲಸದಲ್ಲಿ ನನ್ನ ಮೂಲ ಅಂಕಪಟ್ಟಿಗಳು ವರ್ಷದ ಮೇಲೆ ಯಾರದ್ದೋ ಬೀರುವಿನಲ್ಲಿ ಕೂತಿದ್ದವು. ವ್ಯವಹಾರ ಇನ್ನೂ ಮುಗಿದಿಲ್ಲ, ಅದಕ್ಕೇ ಹೆಸರು ಬರೆಯುತ್ತಿಲ್ಲ. ಹೆಸರು ಗೊತ್ತಾದರೂ ಅಷ್ಟೇನೂ ಪ್ರಯೋಜನ ಇಲ್ಲ. ಬೋರ್ಡು ಬದಲಾಗುತ್ತೆ, ನಡೆಸೋ ರೀತಿ ಅದೇ.

ಇದನ್ನು ಮನೆಯವರಿಗೆ ತೋರಿಸುವವರಿಗಾಗಿ ಸ್ವಲ್ಪ ವಿವರ. ಸಿಟಿ, ಎಂಆರ್‌ಐ, ಎಕ್ಸ್‌ರೇ, ಅಲ್ಟ್ರಾಸೌಂಡ್ ಯಂತ್ರಗಳಿಂದ ಬರುವ ಚಿತ್ರಗಳನ್ನೆಲ್ಲ ಒಂದು ಕಡೆ ಕೂಡಿಟ್ಟು, ಡಾಕ್ಟರ್ ಕೇಳಿದಾಗ ಅವರ ಪರದೆಗೆ ಕೊಡುವ ವ್ಯವಸ್ಥೆಯೇ ಪ್ಯಾಕ್ಸ್. ಯಂತ್ರಕ್ಕೂ ಸರ್ವರ್‌ಗೂ ನಡುವೆ ಚಿತ್ರ ಓಡಾಡುವ ನಿಯಮ ಡೈಕಾಮ್. ರೋಗಿಯ ನೋಂದಣಿ, ಆರ್ಡರ್, ರಿಪೋರ್ಟ್ ಇವೆಲ್ಲ ಆಸ್ಪತ್ರೆಯ ಸಾಫ್ಟ್‌ವೇರ್‌ನಿಂದ ಸಾಮಾನ್ಯವಾಗಿ ಎಚ್‌ಎಲ್-7 ಸಂದೇಶಗಳಾಗಿ ಬರುತ್ತವೆ, ಹೋಗುತ್ತವೆ. ಇದೆಲ್ಲ ಕೆಡದಂತೆ ನೋಡಿಕೊಳ್ಳುವುದು, ಕೆಟ್ಟರೆ ಎಲ್ಲಿ ಕೆಟ್ಟಿದೆ ಅಂತ ಹುಡುಕಿ ಸರಿಮಾಡುವುದು ಪ್ಯಾಕ್ಸ್ ಅಡ್ಮಿನ್ ಕೆಲಸ.

ಕೆಲಸ ನಿಜಕ್ಕೂ ಒಳ್ಳೆಯದು. ನಾನು ಈಗಲೂ ಇದನ್ನೇ ಮಾಡುತ್ತಿದ್ದೇನೆ, ಬೇರೆ ಆಸ್ಪತ್ರೆಯಲ್ಲಿ. ಟೆಕ್ನಿಷಿಯನ್ ಆಗಿ ಒಂದೆರಡು ವರ್ಷ ದುಡಿದವರಿಗೆ ಇದು ಬೇಗ ಒಗ್ಗುತ್ತದೆ. ಸ್ಟಡಿ (ಒಂದು ಸಲದ ಪರೀಕ್ಷೆಯ ಎಲ್ಲ ಚಿತ್ರಗಳು) ಯಾವುದು, ಸೀರೀಸ್ (ಅದರೊಳಗಿನ ಒಂದೊಂದು ಗುಂಪು) ಯಾವುದು, ಕಾಂಟ್ರಾಸ್ಟ್ ಕೊಟ್ಟ ಮೇಲೆ ತೆಗೆದದ್ದು ಯಾವುದು ಅಂತ ಐಟಿಯವರಿಗೆ ಹೇಳಿಕೊಡಬೇಕು, ನಮಗೆ ಬೇಕಿಲ್ಲ. ಬೆಂಗಳೂರಲ್ಲಿ ಅವಕಾಶಕ್ಕೂ ಕೊರತೆ ಇಲ್ಲ. ಅಮೆರಿಕದಲ್ಲಿ ರಾತ್ರಿ ತೆಗೆದ ತುರ್ತು ಸ್ಕ್ಯಾನನ್ನು ಇಲ್ಲಿ ಹಗಲಲ್ಲಿ ಓದಿ ರಿಪೋರ್ಟ್ ಕಳಿಸುವ ಟೆಲಿರೇಡಿಯಾಲಜಿ ಈ ಊರಲ್ಲಿ 2002ರಿಂದ ಇದೆ. ಅಂಥ ಕಡೆಯೆಲ್ಲ ಪ್ಯಾಕ್ಸ್ ನೋಡಿಕೊಳ್ಳೋಕೆ ಜನ ಬೇಕೇ ಬೇಕು. ಈ ಇನ್‌ಸ್ಟಿಟ್ಯೂಟುಗಳು ಬೆಳೆದಿರೋದೇ ಈ ಬೇಡಿಕೆ ನಿಜ ಆಗಿರೋದರಿಂದ.

ಈಗ ತರಗತಿಯ ಕಥೆ. ಒಂದು ಪ್ರೊಜೆಕ್ಟರ್, ಒಂದು ಪಿಪಿಟಿ. 1985ರಲ್ಲಿ ಎಸಿಆರ್-ನೆಮಾ ಅನ್ನೋ ನಿಯಮ ಬಂತು, 1993ರಲ್ಲಿ ಅದು ಡೈಕಾಮ್ ಆಯಿತು, ಸಿ-ಸ್ಟೋರ್ ಅಂದ್ರೆ ಕಳಿಸೋದು, ಸಿ-ಫೈಂಡ್ ಅಂದ್ರೆ ಹುಡುಕೋದು. ಎಲ್ಲ ಸರಿಯೇ, ತಪ್ಪೇನೂ ಹೇಳಲಿಲ್ಲ. ಆದ್ರೆ ಕೋರ್ಸ್ ಮುಗಿಯುವ ತನಕ ನಾವ್ಯಾರೂ ಒಂದು ಸರ್ವರ್ ಮುಟ್ಟಲಿಲ್ಲ. ಲ್ಯಾಬ್ ಅಂತ ಹೇಳಿದ ಕೋಣೆಯಲ್ಲಿದ್ದ ಕಂಪ್ಯೂಟರ್‌ನಲ್ಲಿ ಬರೀ ಒಂದು ವ್ಯೂವರ್, ಅಂದ್ರೆ ಚಿತ್ರ ತೆರೆದು ನೋಡುವ ಸಾಫ್ಟ್‌ವೇರ್. ಅದರಲ್ಲಿ ಯಾವುದೋ ಮೊಣಕಾಲಿನ ಎಂಆರ್‌ಐ. ಎಲ್ಲ ಬ್ಯಾಚಿನವರೂ ಅದೇ ಮೊಣಕಾಲನ್ನು ಹಿಂದೆ ಮುಂದೆ ತಿರುಗಿಸಿ ಎದ್ದು ಬರುತ್ತಿದ್ದರು. ‘ಸರ್, ಸರ್ವರ್ ಯಾವಾಗ ತೋರಿಸ್ತೀರಾ?’ ಅಂತ ಕೇಳಿದ್ದಕ್ಕೆ, ‘ಅದೆಲ್ಲ ಲಕ್ಷಾಂತರದ ಲೈಸೆನ್ಸ್ ಕಣಮ್ಮ, ಆಸ್ಪತ್ರೆಗೆ ಹೋದ್ಮೇಲೆ ತಾನಾಗೇ ಬರುತ್ತೆ’ ಅಂದರು.

ಈ ಮಾತು ಶುದ್ಧ ಸುಳ್ಳು. ಬೆಲ್ಜಿಯಂನ ಲಿಯೇಜ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಹುಟ್ಟಿದ ಆರ್ಥಾಂಕ್ ಅನ್ನೋ ಸರ್ವರ್ ಇದೆ. ಪೂರ್ತಿ ಉಚಿತ, ಓಪನ್ ಸೋರ್ಸ್. ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ವೀಸಿಸ್, ಮೈಕ್ರೋಡೈಕಾಮ್ ತರಹದ ವ್ಯೂವರ್‌ಗಳನ್ನೂ ದುಡ್ಡಿಲ್ಲದೆ ಇಳಿಸಿಕೊಂಡು ಕಲಿಯಬಹುದು. ಆರ್ಥಾಂಕ್ ಹಾಕಿಕೊಂಡರೆ ಡೈಕಾಮ್‌ಗೆ 4242, ಬ್ರೌಸರ್‌ಗೆ 8042, ಈ ಎರಡು ಪೋರ್ಟ್ (ಸರ್ವರ್‌ನ ಒಳಬರುವ ಬಾಗಿಲಿನ ನಂಬರು) ಮೊದಲೇ ಸೆಟ್ ಆಗಿರುತ್ತವೆ. ವ್ಯೂವರ್‌ನಿಂದ ಒಂದು ಚಿತ್ರ ಕಳಿಸಿ, ಹೋಗುತ್ತದೆ. ಆಮೇಲೆ ಅದೇ ವ್ಯೂವರ್‌ನಿಂದ ಸರ್ವರ್‌ನಲ್ಲಿ ಹುಡುಕಿ ನೋಡಿ. ಆಗಲ್ಲ! ಕಾರಣ ಏನಂದ್ರೆ, ಚಿತ್ರ ಯಾರು ಕಳಿಸಿದರೂ ಅದು ತೆಗೆದುಕೊಳ್ಳುತ್ತದೆ, ಆದ್ರೆ ಗುರುತಿಲ್ಲದವರಿಗೆ ಒಳಗಿರೋದನ್ನು ತೋರಿಸಲ್ಲ. ನಿಮ್ಮ ವ್ಯೂವರ್‌ನ ಎಇ ಟೈಟಲ್, ಐಪಿ, ಪೋರ್ಟ್ ಮೂರನ್ನೂ ಅದರ ಕಾನ್ಫಿಗರೇಷನ್ ಫೈಲಿನಲ್ಲಿ ಬರೆದು ಸರ್ವರನ್ನು ಮತ್ತೆ ಶುರುಮಾಡಬೇಕು. ಎಇ ಟೈಟಲ್ ಅಂದ್ರೆ ಪ್ರತಿ ಯಂತ್ರದ ಡೈಕಾಮ್ ಹೆಸರು, 16 ಅಕ್ಷರದೊಳಗೆ ಇರಬೇಕು. ಒಂದಕ್ಷರ ಆಚೀಚೆ ಆದರೂ ಕೆಲಸ ಕೆಡುತ್ತದೆ. ಆಸ್ಪತ್ರೆಯಲ್ಲಿ ಹೊಸ ಯಂತ್ರ ಬಂದಾಗ ಆಗುವ ತಲೆನೋವಿನಲ್ಲಿ ಅರ್ಧಕ್ಕರ್ಧ ಇದೇ. ಬೇಕಂತಲೇ ಕೆಡಿಸಿ, ಲಾಗ್ (ಏನಾಯ್ತು ಅಂತ ಸರ್ವರ್ ಬರೆದಿಡುವ ದಾಖಲೆ) ಓದಿ, ಸರಿಮಾಡಿ. ಒಂದು ಭಾನುವಾರ ಇದರ ಜೊತೆ ಕೂತರೆ 75 ಸಾವಿರದ ಕೋರ್ಸಲ್ಲಿ ಸಿಗದ್ದು ಸಿಗುತ್ತದೆ. ನಾನು ಕಲಿತದ್ದು ಹೀಗೇ, ದುಡ್ಡು ಹೋದ ಮೇಲೆ.

ಇಂಟರ್‌ನ್ಯಾಷನಲ್ ಸರ್ಟಿಫಿಕೇಟ್ ಬಗ್ಗೆಯೂ ಹೇಳಿಬಿಡ್ತೀನಿ. ಭೂಗೋಳದ ಚಿತ್ರ ಇದ್ದ, ಚಿನ್ನದ ಬಣ್ಣದ ಸೀಲು ಹೊಡೆದ ಒಂದು ಹಾಳೆ ಕೊಟ್ಟರು. ಕೊಟ್ಟವರು ಅವರೇ, ಸಹಿ ಅವರದ್ದೇ. ಈ ಕ್ಷೇತ್ರದಲ್ಲಿ ಹೊರದೇಶದಲ್ಲೂ ಗುರುತಿಸುವ ಪರೀಕ್ಷೆ ಅಂದ್ರೆ ಅಮೆರಿಕದ ಎಬಿಐಐ ನಡೆಸುವ ಸಿಐಐಪಿ. ಆ ಸಂಸ್ಥೆ 2007ರಲ್ಲಿ ಶುರುವಾಯಿತು. ಅಲ್ಲಿ ಪರೀಕ್ಷೆಗೆ ಕೂರಲೂ ಓದು, ಅನುಭವ ಎಲ್ಲ ಲೆಕ್ಕ ಹಾಕಿ 7 ಪಾಯಿಂಟ್ ಆಗಬೇಕು. ಪಾರ್ಕಾ ಅನ್ನೋ ಇನ್ನೊಂದು ಸಂಸ್ಥೆಯ ಪರೀಕ್ಷೆಗಳೂ ಇವೆ. ಯಾರಾದರೂ ‘ನಮ್ಮ ಕೋರ್ಸ್ ಮಾಡಿದರೆ ಇಂಟರ್‌ನ್ಯಾಷನಲ್ ಸರ್ಟಿಫಿಕೇಟ್’ ಅಂದ್ರೆ, ಪರೀಕ್ಷೆ ನಡೆಸೋದು ಯಾರು ಅಂತ ಕೇಳಿ. ನನ್ನ ಈಗಿನ ಆಸ್ಪತ್ರೆಯ ಇಂಟರ್‌ವ್ಯೂನಲ್ಲಿ ಆ ಚಿನ್ನದ ಸೀಲನ್ನು ಯಾರೂ ತಿರುಗಿಯೂ ನೋಡಲಿಲ್ಲ.

ಕೆಲಸ ಗ್ಯಾರಂಟಿ ಅಂದದ್ದು ಜಾಹೀರಾತಿನಲ್ಲಿ ಮಾತ್ರ. ರಸೀದಿಯ ಹಿಂದೆ ಸಣ್ಣಕ್ಷರದಲ್ಲಿ ‘ಪ್ಲೇಸ್‌ಮೆಂಟಿಗೆ ನೆರವು ನೀಡಲಾಗುವುದು’ ಅಂತಷ್ಟೇ ಇತ್ತು. ಆದರೂ ಕೆಲಸ ಅಂತ ಒಂದು ಬಂತು. ಡಯಾಗ್ನೋಸ್ಟಿಕ್ ಸೆಂಟರ್‌ಗಳಿಗೆ ಜನ ಒದಗಿಸುವ ಒಂದು ಕಂಪನಿ. ಎರಡು ವರ್ಷದ ಬಾಂಡ್, ಮಧ್ಯೆ ಬಿಟ್ಟರೆ ಒಂದೂವರೆ ಲಕ್ಷ ಕಟ್ಟಬೇಕು. ‘ವೆರಿಫಿಕೇಷನ್‌ಗೆ’ ಅಂತ ಎಸ್ಸೆಸ್ಸೆಲ್ಸಿಯಿಂದ ಡಿಗ್ರಿ ತನಕ ಎಲ್ಲ ಮೂಲ ಅಂಕಪಟ್ಟಿ ತೆಗೆದುಕೊಂಡರು. ವಾಪಸ್ ಕೇಳಿದಾಗಲೆಲ್ಲ ‘ಹೆಡ್ ಆಫೀಸಲ್ಲಿದೆ’.

ಐಡಿ ಕಾರ್ಡಿನ ಮೇಲೆ ಪ್ಯಾಕ್ಸ್ ಅಡ್ಮಿನ್ ಅಂತಲೇ ಇತ್ತು. ಮಾಡಿದ್ದು ಸಿಡಿ ಬರೆಯೋ ಕೆಲಸ, ಫಿಲ್ಮ್ ಪ್ರಿಂಟ್ ಹಾಕೋ ಕೆಲಸ, ರಿಪೋರ್ಟ್ ಕವರಿಗೆ ಹಾಕಿ ಸ್ಟೇಪಲ್ ಹೊಡೆಯೋ ಕೆಲಸ. ರಿಸೆಪ್ಷನ್ ಹುಡುಗಿ ಊಟಕ್ಕೆ ಹೋದಾಗ ಬಿಲ್ಲಿಂಗ್. ನೈಟ್ ಡ್ಯೂಟಿ ಇಲ್ಲ ಅಂದಿದ್ದರಲ್ಲ, ನಿಜ, ರಾತ್ರಿ ಮನೆಯಲ್ಲಿದ್ದೇ ಫೋನ್ ಎತ್ತಬೇಕಿತ್ತು. ಸರ್ವರ್‌ನ ಅಡ್ಮಿನ್ ಪಾಸ್‌ವರ್ಡ್ ಮಾತ್ರ ನನಗೆ ಕೊಡಲೇ ಇಲ್ಲ. ಅದು ಸಾಫ್ಟ್‌ವೇರ್ ಮಾರಿದ ಕಂಪನಿಯವರ ಹತ್ತಿರ, ಅವರು ಬೇರೆ ರಾಜ್ಯದಲ್ಲಿ. ನನಗಿದ್ದದ್ದು ಚಿತ್ರ ನೋಡುವ ಲಾಗಿನ್ ಅಷ್ಟೇ. ಕೀಲಿ ಇನ್ನೊಬ್ಬರ ಜೇಬಲ್ಲಿಟ್ಟು ನಮ್ಮನ್ನು ಕಾವಲಿಗೆ ಕೂರಿಸಿದ ಹಾಗೆ.

ಇದರಿಂದ ಏನಾಗುತ್ತದೆ ಅನ್ನೋದಕ್ಕೆ ಒಂದು ಘಟನೆ ಹೇಳ್ತೀನಿ. ಬೇರೆಲ್ಲ ಮರೆತರೂ ಇದನ್ನು ನೆನಪಿಡಿ. ಸರಿಯಾದ ಕಡೆ ಯಂತ್ರಕ್ಕೆ ವರ್ಕ್‌ಲಿಸ್ಟ್ ಇರುತ್ತದೆ. ಬಿಲ್ಲಿಂಗ್‌ನಲ್ಲಿ ನೋಂದಣಿ ಆದ ಹೆಸರು, ನಂಬರು, ವಯಸ್ಸು ಅಲ್ಲಿಂದಲೇ ಯಂತ್ರದ ಪರದೆಗೆ ಬರುತ್ತದೆ, ಟೆಕ್ನಿಷಿಯನ್ ಆರಿಸಿಕೊಂಡರೆ ಸಾಕು. ನಮ್ಮ ಸೆಂಟರಿನ ಎಕ್ಸ್‌ರೇಗೆ ಆ ಲೈಸೆನ್ಸ್ ತೆಗೆದುಕೊಂಡಿರಲಿಲ್ಲ, ಖರ್ಚು ಉಳಿಸೋಕೆ. ಎಲ್ಲವನ್ನೂ ಕೈಯಲ್ಲಿ ಟೈಪ್ ಮಾಡಬೇಕು. ಸೋಮವಾರದ ರಷ್. ಒಂದೇ ದಿನ ಇಬ್ಬರು ಲಕ್ಷ್ಮಮ್ಮ ಬಂದರು (ಹೆಸರು ಬದಲಿಸಿದ್ದೇನೆ). ಬೆಳಿಗ್ಗೆ ಬಂದವರ ನಂಬರೇ ಸಂಜೆ ಬಂದವರಿಗೂ ಟೈಪ್ ಆಯಿತು. ಪ್ಯಾಕ್ಸ್‌ಗೆ ಏನು ಗೊತ್ತು? ಒಂದೇ ಹೆಸರು, ಒಂದೇ ನಂಬರು, ಇಬ್ಬರನ್ನೂ ಒಬ್ಬರನ್ನಾಗಿ ಮಾಡಿ ಜೋಡಿಸಿಟ್ಟಿತು.

ರಾತ್ರಿ ರಿಪೋರ್ಟ್ ಮಾಡುತ್ತಿದ್ದ ರೇಡಿಯಾಲಜಿಸ್ಟ್ ಮೇಡಂ ಫೋನ್ ಮಾಡಿದರು. ‘ಏನಮ್ಮಾ, ಬೆಳಿಗ್ಗೆ ಎದೆಯಲ್ಲಿ ಪೇಸ್‌ಮೇಕರ್ ಇತ್ತು, ಸಂಜೆ ಎಲ್ಲಿ ಹೋಯ್ತು?’ ಪೇಸ್‌ಮೇಕರ್ ಇದ್ದದ್ದಕ್ಕೆ ಬಚಾವ್. ಇಬ್ಬರ ಎದೆಯೂ ಹೆಚ್ಚುಕಡಿಮೆ ಒಂದೇ ತರಹ ಕಂಡಿದ್ದರೆ, ಒಬ್ಬರ ಹಳೆಯ ಚಿತ್ರದ ಜೊತೆ ಇನ್ನೊಬ್ಬರ ಹೊಸ ಚಿತ್ರ ಹೋಲಿಸಿ ರಿಪೋರ್ಟ್ ಹೋಗಿಬಿಡುತ್ತಿತ್ತು. ಪೇಸ್‌ಮೇಕರ್ ಇದ್ದವರನ್ನು ಎಂಆರ್‌ಐಗೆ ಕಳಿಸುವ ಮುಂಚೆ ಎಷ್ಟು ವಿಚಾರಿಸಬೇಕು ಅಂತ ಟೆಕ್ನಿಷಿಯನ್‌ಗಳಿಗೆ ಹೇಳಬೇಕಾಗಿಲ್ಲ. ಆ ಗುರುತೇ ಬೇರೆಯವರ ಹೆಸರಿಗೆ ಹೋಗಿದ್ದರೆ?

ಸ್ಟಡಿಯನ್ನು ಬೇರ್ಪಡಿಸಿ ಸರಿಯಾದ ನಂಬರಿಗೆ ಹಾಕೋದು ಅಡ್ಮಿನ್ ಲಾಗಿನ್ ಇದ್ದರೆ ಕೆಲವೇ ನಿಮಿಷದ ಕೆಲಸ. ನಾನು ಸಾಫ್ಟ್‌ವೇರ್ ಕಂಪನಿಗೆ ಟಿಕೆಟ್ (ದೂರು) ಹಾಕಿ, ಫೋನ್ ಮಾಡಿ, ಮತ್ತೆ ಫೋನ್ ಮಾಡಿ ಕಾದೆ. ಅದು ಸರಿಯಾದದ್ದು ಮಾರನೇ ದಿನ ಮಧ್ಯಾಹ್ನ. ಆ ಹೊತ್ತಿಗೆ ಮ್ಯಾನೇಜರ್ ‘ಪ್ಯಾಕ್ಸ್ ಅಡ್ಮಿನ್ ನೀವೇ ತಾನೆ, ಲಿಖಿತ ವಿವರಣೆ ಕೊಡಿ’ ಅಂತ ಕೂತಿದ್ದರು. ವರ್ಕ್‌ಲಿಸ್ಟ್ ಇಲ್ಲದಿದ್ದರೆ ಹೀಗಾಗುತ್ತೆ ಅಂತ ನಾನು ಮೊದಲೇ ಮೇಲ್ ಹಾಕಿದ್ದೆ. ಅದರ ಪ್ರಿಂಟ್ ಲಗತ್ತಿಸಿ ಕೊಟ್ಟ ಮೇಲೆ ಮಾತು ನಿಂತಿತು. ಇಂಥ ಕಡೆ ಕೆಲಸ ಮಾಡೋ ಗತಿ ಬಂದರೆ ಬಾಯಿಮಾತಿನಲ್ಲಿ ಏನನ್ನೂ ಬಿಡಬೇಡಿ, ಮೇಲ್ ಹಾಕಿ.

ಬ್ಯಾಕಪ್ ಕಥೆ ಇನ್ನೂ ಚೆನ್ನಾಗಿದೆ. ಬ್ಯಾಕಪ್ ಎಲ್ಲಿದೆ ಅಂತ ಕೇಳಿದ್ದಕ್ಕೆ ‘ರೇಯ್ಡ್ ಇದೆಯಲ್ಲ’ ಅಂದರು. ರೇಯ್ಡ್‌ನಿಂದ (ಒಂದೇ ಸರ್ವರ್‌ನಲ್ಲಿ ಹಲವು ಡಿಸ್ಕ್ ಜೋಡಿಸಿಡುವ ವ್ಯವಸ್ಥೆ) ಒಂದು ಡಿಸ್ಕ್ ಕೆಟ್ಟರೆ ಬಚಾವಾಗಬಹುದು. ರ‍್ಯಾನ್ಸಂವೇರ್ (ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್) ಬಂದರೆ, ಯಾರೋ ಅಳಿಸಿದರೆ, ಕೋಣೆಗೆ ನೀರು ನುಗ್ಗಿದರೆ ಅದೂ ಜೊತೆಗೇ ಹೋಗುತ್ತದೆ. ಒಂದು ಸಿಟಿ ಸ್ಲೈಸ್ ಸಾಮಾನ್ಯವಾಗಿ ಅರ್ಧ ಎಂಬಿ. 1000 ಸ್ಲೈಸಿನ ಒಂದು ಸ್ಟಡಿಗೆ 500 ಎಂಬಿ. ಡಿಸ್ಕ್ ತುಂಬಿದಾಗಲೆಲ್ಲ ಹಳೆಯದನ್ನು ಒಂದು ಪೋರ್ಟಬಲ್ ಹಾರ್ಡ್‌ಡಿಸ್ಕಿಗೆ ಎಳೆದು ಡ್ರಾಯರ್‌ನಲ್ಲಿ ಇಡುತ್ತಿದ್ದರು. ಡಾಕ್ಟರ್ ಮನೆಯಿಂದ ನೋಡಲಿ ಅಂತ ಸರ್ವರ್‌ನ ಪೋರ್ಟನ್ನು ನೇರ ಇಂಟರ್‌ನೆಟ್ಟಿಗೆ ತೆರೆದಿದ್ದರು, ವಿಪಿಎನ್ (ಸುರಕ್ಷಿತ ಖಾಸಗಿ ಸಂಪರ್ಕ) ಇಲ್ಲ, ಏನಿಲ್ಲ. ಹೀಗೆ ತೆರೆದಿಟ್ಟ ಪ್ಯಾಕ್ಸ್ ಸರ್ವರ್‌ಗಳನ್ನು ಜರ್ಮನಿಯ ಗ್ರೀನ್‌ಬೋನ್ ಕಂಪನಿ 2019ರಲ್ಲೇ ಹುಡುಕಿ ಪಟ್ಟಿಮಾಡಿತ್ತು. ಅದರಲ್ಲಿ ಭಾರತದವೂ ಇದ್ದವು. 2022ರ ನವೆಂಬರ್‌ನಲ್ಲಿ ದೆಹಲಿ ಏಮ್ಸ್‌ನ ಸರ್ವರ್‌ಗಳ ಮೇಲೆ ದಾಳಿಯಾಗಿ ದಿನಗಟ್ಟಲೆ ಕೈಬರಹದಲ್ಲೇ ಕೆಲಸ ನಡೆದದ್ದು ಎಲ್ಲರಿಗೂ ಗೊತ್ತು. 2023ರ ಡಿಜಿಟಲ್ ಪರ್ಸನಲ್ ಡೇಟಾ ಕಾಯ್ದೆಯಲ್ಲಿ ದತ್ತಾಂಶ ಕಾಪಾಡದ ಸಂಸ್ಥೆಗೆ 250 ಕೋಟಿ ತನಕ ದಂಡ ಇದೆ. ದಂಡ ಸಂಸ್ಥೆಗೇ, ಸರಿ. ಆದ್ರೆ ‘ಅಡ್ಮಿನ್ ಯಾರು?’ ಅಂತ ಮೊದಲು ಹುಡುಕೋದು ಯಾರನ್ನ, ಹೇಳಿ?

ಬಿಡೋಣ ಅಂದ್ರೆ ಬಾಂಡ್. ‘ಬಾಂಡ್ ಎಲ್ಲಾ ಕೋರ್ಟಲ್ಲಿ ನಿಲ್ಲಲ್ಲ, ಸುಮ್ನೆ ಬಿಟ್ಟು ಬಾ’ ಅಂತ ಧೈರ್ಯ ಹೇಳೋರು ಬಹಳ. ಅದನ್ನು ಕಣ್ಣುಮುಚ್ಚಿ ನಂಬಬೇಡಿ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಒಂದು ಸರ್ಕಾರಿ ಬ್ಯಾಂಕಿನ 2 ಲಕ್ಷದ ಬಾಂಡನ್ನು ಎತ್ತಿಹಿಡಿದಿದೆ. ಹಾಗಂತ ಬರೆದಷ್ಟೂ ಕಕ್ಕಬೇಕು ಅಂತಲೂ ಇಲ್ಲ. ಕಾಂಟ್ರಾಕ್ಟ್ ಕಾಯ್ದೆಯ 74ನೇ ಕಲಂ ಪ್ರಕಾರ ಬರೆದ ಮೊತ್ತ ಮೇಲಿನ ಮಿತಿ, ಅದರೊಳಗೆ ನ್ಯಾಯ ಅನ್ನಿಸುವಷ್ಟು ಪರಿಹಾರ. ನನಗೆ ಅವರು ಯಾವ ತರಬೇತಿಯನ್ನೂ ಕೊಟ್ಟಿರಲಿಲ್ಲ. ವಕೀಲರು ನೋಟಿಸಿನಲ್ಲಿ ಇದನ್ನೇ ಬರೆದು, ಅಂಕಪಟ್ಟಿ ಇಟ್ಟುಕೊಂಡ ವಿಷಯವನ್ನು ಮೊದಲ ಸಾಲಿಗೇ ತಂದರು. ನೋಟಿಸ್ ಹೋದ ಮೇಲೆ ‘ಹೆಡ್ ಆಫೀಸಲ್ಲಿದ್ದ’ ಅಂಕಪಟ್ಟಿಗಳು ಅದೇ ಕಟ್ಟಡದ ಮೇಲಿನ ಮಹಡಿಯಿಂದ ಕೆಳಗಿಳಿದು ಬಂದವು.

ನೀವು ಈ ದಾರಿಗೆ ಬರೋರಾದರೆ ಮೂಲ ದಾಖಲೆ ತೋರಿಸಿ, ಕೈಗೆ ಕೊಡಬೇಡಿ. ಹಟ ಮಾಡಿದರೆ ಜೆರಾಕ್ಸ್ ಕೊಟ್ಟು ಎದ್ದು ಬನ್ನಿ. ಇಂಟರ್‌ವ್ಯೂನಲ್ಲಿ ನೀವೂ ಪ್ರಶ್ನೆ ಕೇಳಿ. ಅಡ್ಮಿನ್ ಪಾಸ್‌ವರ್ಡ್ ಯಾರ ಹತ್ತಿರ? ಎಲ್ಲ ಯಂತ್ರಕ್ಕೂ ವರ್ಕ್‌ಲಿಸ್ಟ್ ಇದೆಯಾ? ಬ್ಯಾಕಪ್‌ನಿಂದ ಕೊನೆಯ ಸಲ ಚಿತ್ರ ವಾಪಸ್ ತೆಗೆದು ನೋಡಿದ್ದು ಯಾವಾಗ? ರಾತ್ರಿ ಕರೆಗೆ ದುಡ್ಡು ಕೊಡ್ತೀರಾ? ಒಳ್ಳೆಯ ಆಸ್ಪತ್ರೆಯವರು ಈ ಪ್ರಶ್ನೆ ಕೇಳಿದರೆ ಖುಷಿಪಡುತ್ತಾರೆ. ನನ್ನ ಈಗಿನ ಬಾಸ್ ಎರಡನೇ ಪ್ರಶ್ನೆಗೇ ‘ಎಲ್ಲಿ ಪೆಟ್ಟು ತಿಂದು ಬಂದ್ರಿ?’ ಅಂತ ನಕ್ಕಿದ್ದರು. ಇನ್ನೊಂದು ದಾರಿಯೂ ಇದೆ. ಈಗ ಟೆಕ್ನಿಷಿಯನ್ ಆಗಿರೋ ಕಡೆಯೇ ಪ್ಯಾಕ್ಸ್ ನೋಡಿಕೊಳ್ಳೋರ ಹಿಂದೆ ಓಡಾಡಿ ಕಲಿಯೋದು. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಗಲ್ಫ್ ಕೆಲಸ ಅಂತ ಲಕ್ಷ ಕೇಳೋರಿದ್ದಾರೆ. ನೋಂದಾಯಿತ ಏಜೆಂಟ್ ಹೌದೋ ಅಲ್ಲವೋ ಅಂತ ಸರ್ಕಾರದ ವೆಬ್‌ಸೈಟ್ ಇ-ಮೈಗ್ರೇಟ್‌ನಲ್ಲಿ ನೋಡಿ. ನಿಯಮದ ಪ್ರಕಾರ ಅವರು 30 ಸಾವಿರ, ಅದರ ಮೇಲೆ ಜಿಎಸ್‌ಟಿ, ಇಷ್ಟಕ್ಕಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ.

ಈಗಾಗಲೇ ದುಡ್ಡು ಕಟ್ಟಿ ಕೂತಿದ್ದರೆ ರಸೀದಿ, ಜಾಹೀರಾತಿನ ಸ್ಕ್ರೀನ್‌ಶಾಟ್, ಅವರ ವಾಟ್ಸಾಪ್ ಮಾತು ಎಲ್ಲವನ್ನೂ ಉಳಿಸಿಕೊಳ್ಳಿ. ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ನಾನೂ ದಾಖಲಿಸಿದ್ದೇನೆ. ಇನ್‌ಸ್ಟಿಟ್ಯೂಟಿನವರು ಅರ್ಧ ಫೀಸ್ ವಾಪಸ್ ಕೊಡ್ತೀವಿ, ದೂರು ಹಿಂದಕ್ಕೆ ತಗೊಳ್ಳಿ ಅಂತ ಹೇಳಿಕಳಿಸಿದ್ದಾರೆ. ನಾನು ಪೂರ್ತಿ ಕೇಳಿದ್ದೇನೆ.