ಹಳೆಯ ವೆಬರ್ ಕೆಟಲ್ ಗ್ರಿಲ್: ತಿಕ್ಕಿ ತೊಳೆದು, ಬೇಯಿಸಿ ನೋಡಿದ ಮೇಲೆ

ಹಳೆಯ ಇದ್ದಿಲಿನ ಗ್ರಿಲ್ ಸಿಕ್ಕರೆ ತಗೊಳ್ಳಬಹುದಾ ಅಂತ ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಬಟ್ಟಲಿಗೆ ತೂತು ಬಿದ್ದಿಲ್ಲ, ಮುಚ್ಚಳ ಸೊಟ್ಟಗಾಗಿಲ್ಲ ಅಂದರೆ ಧಾರಾಳವಾಗಿ ತಗೊಳ್ಳಿ. ಉಳಿದದ್ದೆಲ್ಲ ಒಂದೋ ಕೊಳೆ, ಇಲ್ಲವೇ ಬಿಚ್ಚಿ ಬದಲಾಯಿಸಬಹುದಾದ ಭಾಗ. ನನ್ನದು ವೆಬರ್ ಕಂಪನಿಯ 22 ಇಂಚಿನ ಕಪ್ಪು ಕೆಟಲ್, ಅಂದರೆ ಗುಂಡು ಬಟ್ಟಲು, ಗುಂಡು ಮುಚ್ಚಳದ ಗ್ರಿಲ್. ಹಿಂದಿನವರು ಅದನ್ನು ಬೂದಿ ಸಮೇತ ಮಳೆಗೆ ಬಿಟ್ಟಿದ್ದರು. ಗುಜರಿಗೆ ಹಾಕುವುದರಲ್ಲಿದ್ದರು, ನಾನು ಕೇಳಿದ್ದಕ್ಕೆ ಹೊತ್ತುಕೊಂಡು ಹೋದರೆ ಸಾಕು ಎಂದರು. ಈಗ ಹಿತ್ತಲಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಬಳಕೆಯಾಗುವುದು ಅದೇ. ಪಕ್ಕದಲ್ಲಿ ಗ್ಯಾಸಿನದೂ ಒಂದಿದೆ, ಅದರ ವಿಷಯ ಆಮೇಲೆ.

ಇದರ ಗುಂಡು ಆಕಾರಕ್ಕೆ ಒಂದು ಹಿನ್ನೆಲೆ ಇದೆ. ಷಿಕಾಗೋದ ವೆಬರ್ ಬ್ರದರ್ಸ್ ಮೆಟಲ್ ವರ್ಕ್ಸ್‌ನಲ್ಲಿ ಕೆಲಸಕ್ಕಿದ್ದ ಜಾರ್ಜ್ ಸ್ಟೀಫನ್ 1952ರಲ್ಲಿ ಇದನ್ನು ಮಾಡಿದ್ದು. ಆ ಕಾರ್ಖಾನೆಯಲ್ಲಿ ನೀರಿನ ಮೇಲೆ ಗುರುತಿಗೆ ತೇಲಿಬಿಡುವ ಲೋಹದ ಗುಂಡುಗಳಿಗೆ ಅರ್ಧಗೋಳಗಳನ್ನು ತಯಾರಿಸುತ್ತಿದ್ದರು. ಒಂದು ಅರ್ಧಕ್ಕೆ ಕಾಲು ಕೊಟ್ಟು, ಇನ್ನೊಂದನ್ನು ಮುಚ್ಚಳ ಮಾಡಿದರು, ಅಷ್ಟೇ. ಆದರೆ ಆ ಮುಚ್ಚಳವೇ ಎಲ್ಲ. ತೆರೆದ ಒಲೆಯಾಗಿದ್ದದ್ದು ಅದರಿಂದ ಓವನ್ ಆಯಿತು, ಗಾಳಿಯ ಕಾಟ ತಪ್ಪಿತು. ರಿಪೇರಿಗೂ ಈ ಆಕಾರ ಒಳ್ಳೆಯದು. ಚೌಕದ ಡಬ್ಬಿ ಗ್ರಿಲ್‌ಗಳಲ್ಲಿ ಮೂಲೆ ಮೂಲೆಗೂ ಜಿಡ್ಡು ಕೂತು, ಬೆಸುಗೆಯ ಸಂದಿನಲ್ಲೇ ಮೊದಲು ತುಕ್ಕು ಹಿಡಿಯುತ್ತದೆ. ಇಲ್ಲಿ ಮೂಲೆಯೇ ಇಲ್ಲ.

ತಗೊಳ್ಳುವ ಮುಂಚೆ ಹೊಳಪು ನೋಡಬೇಡಿ, ಅಡಿ ನೋಡಿ. ತಳದಲ್ಲಿ ಗಟ್ಟಿಯಾಗಿ ಕೂತ ಬೂದಿಯನ್ನು ಕೆರೆದು ತೆಗೆದು, ಗಾಳಿ ಕಿಂಡಿಗಳ ಸುತ್ತ ಬೆರಳಿನಿಂದ ಒತ್ತಬೇಕು. ಒಣ ಬೂದಿಯಿಂದ ತೊಂದರೆ ಇಲ್ಲ. ಅದಕ್ಕೆ ನೀರು ಸೇರಿದರೆ ಕ್ಷಾರದ ಕೆಸರಾಗಿ ದಿನಗಟ್ಟಲೆ ಒದ್ದೆ ಹಿಡಿದಿಟ್ಟುಕೊಳ್ಳುತ್ತದೆ, ಎನಾಮೆಲ್, ಅಂದರೆ ಗಾಜಿನಂಥ ಮೇಲಿನ ಲೇಪ, ಎಲ್ಲಿ ಚಕ್ಕೆ ಎದ್ದಿದೆಯೋ ಅಲ್ಲಿಂದ ಕಬ್ಬಿಣವನ್ನು ತಿನ್ನತೊಡಗುತ್ತದೆ. ಕಾಲುಗಳನ್ನು ಸಿಕ್ಕಿಸುವ ಕೊಳವೆಗಳ ಬುಡವನ್ನೂ ನೋಡಿ, ಅಲ್ಲಿ ತಗಡು ಮೆತ್ತಗಾಗಿದ್ದರೆ ಬಿಟ್ಟುಬಿಡಿ. ಕೊನೆಗೆ ಮುಚ್ಚಳ ಹಾಕಿ ಒಂದು ಸುತ್ತು ತಿರುಗಿಸಿ. ಎಲ್ಲೂ ಎದ್ದು ನಿಲ್ಲದೆ ಕೂತರೆ ಸೈ. ವರ್ಷ ತಿಳಿಯುವ ಆಸೆ ಇದ್ದರೆ ಹಳೆಯ ಎಷ್ಟೋ ಮಾಡೆಲ್‌ಗಳ ಮುಚ್ಚಳದ ಗಾಳಿ ಬಿಲ್ಲೆಯ (ಕಿಂಡಿಯನ್ನು ತೆರೆದು ಮುಚ್ಚುವ ತಿರುಗುವ ಬಿಲ್ಲೆ) ಮೇಲೆ ಇಂಗ್ಲಿಷ್ ಅಕ್ಷರದ ಗುರುತು ಇರುತ್ತದೆ, ಅದೇ ತಯಾರಾದ ವರ್ಷದ ಕೋಡ್. ಅದರಿಂದ ಅಡುಗೆಗೆ ಏನೂ ಲಾಭವಿಲ್ಲ ಬಿಡಿ, ಸುಮ್ನೆ ಖುಷಿಗೆ.

ಇನ್ನು ಮುಚ್ಚಳದ ಒಳಭಾಗ. ಅರ್ಧ ಜನ ಗ್ರಿಲ್ ಎಸೆಯುವುದೇ ಇದನ್ನು ನೋಡಿ. ಒಳಗೆ ಕಪ್ಪು ಹಾಳೆ ಹಾಳೆಯಾಗಿ ಏಳುತ್ತಿರುತ್ತದೆ, ಉಗುರು ತಾಗಿದರೆ ಉದುರುತ್ತದೆ. "ಅಯ್ಯೋ ಬಣ್ಣ ಕಿತ್ತು ಬರ್ತಿದೆ, ಊಟದ ಮೇಲೆ ಬೀಳುತ್ತೆ" ಅಂತ ಗಾಬರಿ. ಅದು ಬಣ್ಣವೇ ಅಲ್ಲ. ಹೊಗೆ ಮತ್ತು ಕೊಬ್ಬಿನ ಆವಿ ಪದರ ಪದರವಾಗಿ ಕೂತು, ಸುಟ್ಟು ಇದ್ದಿಲಾದದ್ದು. ಒಳಗೆ ಬಣ್ಣ ಹೊಡೆದಿರುವುದೇ ಇಲ್ಲ. ಉಕ್ಕಿನ ಮೇಲೆ ಗಾಜಿನ ಪುಡಿ ಹಾಕಿ ಸುಮಾರು 800 ಡಿಗ್ರಿ ಕಾವಿನಲ್ಲಿ ಕರಗಿಸಿ ಕೂರಿಸಿದ ಪಿಂಗಾಣಿ ಎನಾಮೆಲ್ ಅದು. ಕೆಳಗೆ ಹೊಳೆಯುವ ಕಪ್ಪು ಹಾಗೇ ಇರುತ್ತದೆ. ನಾನು ಮಾಡಿದ್ದು ಇಷ್ಟೇ. ಒಂದು ಚಿಮಣಿ (ಇದ್ದಿಲು ಹೊತ್ತಿಸುವ ಲೋಹದ ಕೊಳವೆ ಡಬ್ಬಿ) ತುಂಬ ಇದ್ದಿಲು ಹೊತ್ತಿಸಿ ಕಿಂಡಿಗಳನ್ನೆಲ್ಲ ತೆರೆದು ಚೆನ್ನಾಗಿ ಕಾಯಿಸಿದೆ, ಪೂರ್ತಿ ತಣ್ಣಗಾದ ಮೇಲೆ ಪ್ಲಾಸ್ಟಿಕ್ ಕೆರೆಯುವ ಪಟ್ಟಿಯಿಂದ ಕೆರೆದೆ, ಪಟ್ಟಿ ಹೋಗದ ಕಡೆ ಅಲ್ಯೂಮಿನಿಯಂ ಫಾಯಿಲ್ ಮುದ್ದೆ ಮಾಡಿ ಉಜ್ಜಿದೆ. ದೊಡ್ಡ ದೊಡ್ಡ ಚಕ್ಕೆಗಳು ಒಣಗಿದ ಎಲೆಯ ಹಾಗೆ ಬಿದ್ದವು. ಕೊನೆಗೆ ಪಾತ್ರೆ ತೊಳೆಯುವ ಸೋಪು, ಬಿಸಿನೀರು. ಬೇರೇನೂ ಬೇಡ.

ಓವನ್ ಕ್ಲೀನರ್ ಸಿಂಪಡಿಸಿದರೆ ಬೇಗ ಆಗುವುದಿಲ್ಲವೇ ಅಂತ ಕೇಳಬಹುದು. ಎನಾಮೆಲ್‌ಗೆ ಅದು ನಡೆದೀತು, ಆದರೆ ಅಂಥವುಗಳಲ್ಲಿ ಬಹಳಷ್ಟರಲ್ಲಿ ಕಾಸ್ಟಿಕ್ ಸೋಡಾ ಇರುತ್ತದೆ, ಅದು ಅಲ್ಯೂಮಿನಿಯಂ ಅನ್ನು ಕಪ್ಪು ಮಾಡಿ ತಿಂದುಹಾಕುತ್ತದೆ. ಹಳೆಯ ಕೆಟಲ್‌ಗಳಲ್ಲಿ ಗಾಳಿ ಬಿಲ್ಲೆ, ಬೂದಿ ತಟ್ಟೆ, ಕೆಲವದರಲ್ಲಿ ಕಾಲುಗಳೂ ಅಲ್ಯೂಮಿನಿಯಂ. ಅವನ್ನೆಲ್ಲ ಬಿಚ್ಚಿಟ್ಟು, ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಹಾಕಿಕೊಂಡು ಮಾಡುವಷ್ಟು ತಾಳ್ಮೆ ಇದ್ದರೆ ಮಾಡಿ. ಅಷ್ಟು ಹೊತ್ತಿಗೆ ನನ್ನ ಕೆರೆಯುವ ಕೆಲಸವೇ ಮುಗಿದಿತ್ತು.

ಈ ರಿಪೇರಿಯಲ್ಲಿ ನಿಜವಾಗಿ ಬೆವರು ಇಳಿಸಿದ್ದು ತಳದ ರೆಕ್ಕೆಗಳು. ಬಟ್ಟಲಿನೊಳಗೆ ಮೂರು ತಗಡಿನ ರೆಕ್ಕೆ, ಕೆಳಗೆ ಒಂದು ಹಿಡಿ. ಹಿಡಿ ಎಳೆದಾಡಿದರೆ ರೆಕ್ಕೆಗಳು ಬೂದಿಯನ್ನು ಕಿಂಡಿಗೆ ಗುಡಿಸುತ್ತವೆ, ಅದೇ ರೆಕ್ಕೆಗಳು ಕಿಂಡಿ ಮುಚ್ಚಿ ಗಾಳಿಯನ್ನೂ ಹಿಡಿತದಲ್ಲಿಡುತ್ತವೆ. ನನ್ನದರಲ್ಲಿ ಹಿಡಿ ಅಲ್ಲಾಡುತ್ತಲೇ ಇರಲಿಲ್ಲ. ಸುತ್ತಿಗೆ ಹಿಡಿಯುವ ಮನಸ್ಸಾಗುತ್ತದೆ, ಹಿಡಿಯಬೇಡಿ. ಎನಾಮೆಲ್ ಗಾಜು ಅಲ್ವಾ, ಪೆಟ್ಟಿಗೆ ಚಕ್ಕೆ ಹಾರುತ್ತದೆ. ತುಕ್ಕು ಬಿಡಿಸುವ ಎಣ್ಣೆಯನ್ನು ಕೆಳಗಿನಿಂದ ಹಾಕಿ ಒಂದು ರಾತ್ರಿ ಬಿಟ್ಟೆ. ಬೆಳಿಗ್ಗೆ ಹಿಡಿಯನ್ನು ಕೂದಲೆಳೆಯಷ್ಟು ಆ ಕಡೆ, ಕೂದಲೆಳೆಯಷ್ಟು ಈ ಕಡೆ ಆಡಿಸುತ್ತಾ ಹೋದೆ. ಕಂದು ಪುಡಿ ಉದುರುತ್ತಾ ಉದುರುತ್ತಾ ಒಮ್ಮೆಲೇ ಸಡಿಲವಾಯಿತು. ಬಿಚ್ಚಿ ನೋಡಿದರೆ ರೆಕ್ಕೆಗಳ ಅಂಚು ಗರಗಸದ ಹಾಗೆ ತಿಂದುಹೋಗಿತ್ತು. ಹೊಸ ಸೆಟ್ ಹಾಕಿದೆ. ಇಷ್ಟು ಹಳೆಯ ಸಾಮಾನಿಗೆ ಬಿಡಿಭಾಗ ಇವತ್ತಿಗೂ ಸಿಗುವುದು ಈ ಗ್ರಿಲ್‌ನ ದೊಡ್ಡ ಗುಣ. ಮಾಡೆಲ್‌ಗೆ ತಕ್ಕ ಹಾಗೆ ಅಳತೆ ಬೇರೆಯಾಗುತ್ತದೆ, ನೋಡಿ ತರಿಸಿ. ಆ ತುಕ್ಕಿನ ಎಣ್ಣೆ ಹಾಕಿದ್ದರೆ, ಅಡುಗೆಗೆ ಮುಂಚೆ ತೊಳೆದು ಒಮ್ಮೆ ಖಾಲಿ ಕಾಯಿಸಿ ಪೂರ್ತಿ ಸುಟ್ಟುಬಿಡಬೇಕು.

ಶಾಖ ತಡೆಯುವ ಪೇಂಟ್ ಬಗ್ಗೆ ಒಂದೇ ಮಾತು. ಕಾಲಿಗೆ ಹೊಡೆಯಿರಿ, ಬಟ್ಟಲಿನ ಒಳಗೆ ಮತ್ತು ಜಾಲರಿಗೆ ಬೇಡ.

ಜಾಲರಿಯಲ್ಲಿ ನನಗೆ ಸಿಟ್ಟು ಬಂದ ಕಥೆ ಇದೆ. ಹಳೆಯದರ ಲೇಪ ಎದ್ದುಹೋಗಿತ್ತು, ಹೇಗೂ ಬದಲಾಯಿಸಬೇಕಿತ್ತು. ಯಾವುದೋ ಹೆಸರಿಲ್ಲದ ಕಂಪನಿಯ ಅಗ್ಗದ ಜಾಲರಿ ತರಿಸಿದೆ, "ಸ್ಟೀಲ್" ಅಂತ ಬರೆದಿತ್ತು. ಮೊದಲ ಸಲ ಜೋರಾಗಿ ಕಾಯಿಸಿದ್ದಕ್ಕೇ ನಡುವಿನ ಕಡ್ಡಿಗಳ ಮೇಲಿನ ಹೊಳಪು ಗುಳ್ಳೆ ಎದ್ದು ಸಿಪ್ಪೆ ಬಂತು. ಬರೀ ಮೇಲಿನ ಲೇಪ, ಒಳಗೆ ಸಾದಾ ಕಬ್ಬಿಣ. ವಾಪಸ್ ತಗೊಳ್ಳಿ ಅಂದರೆ "ಬಳಸಿದ ಮಾಲು" ಎಂದರು. ಬಳಸದೆ ಗೊತ್ತಾಗುವುದಾದರೂ ಹೇಗೆ? ಆಮೇಲೆ ಎರಕದ ಕಬ್ಬಿಣದ್ದು ತಂದೆ. ಭಾರ, ಆದರೆ ಕಾವು ಹಿಡಿದುಕೊಳ್ಳುತ್ತದೆ. ಕಾವಲಿ ಪಳಗಿಸುವ ಹಾಗೆಯೇ ಇದನ್ನೂ ಪಳಗಿಸಬೇಕು. ಎಣ್ಣೆ ಸವರಿ, ಒಣ ಬಟ್ಟೆಯಿಂದ ಒರೆಸಿ ತೆಗೆದುಬಿಟ್ಟೆ ಅನ್ನಿಸುವಷ್ಟು ತೆಳುವಾಗಿ ಉಳಿಸಿ, ಎಣ್ಣೆ ಹೊಗೆಯಾಡುವ ತನಕ ಕಾಯಿಸಿ, ಮತ್ತೆ ಅದೇ. ಎಣ್ಣೆ ದಪ್ಪಗಾದರೆ ಅಂಟು ಅಂಟು. ತಂತಿ ಬ್ರಷ್ ಮಾತ್ರ ಬೇಡವೇ ಬೇಡ. ಒಂದು ಎಳೆ ಕಳಚಿ ಜಾಲರಿಯಲ್ಲಿ ಉಳಿದರೆ ಊಟದ ಜೊತೆ ಗಂಟಲಿಗೆ ಹೋಗುತ್ತದೆ. ಮರದ ಪಟ್ಟಿ ಸಾಕು.

ಈಗ ಅಡುಗೆ. ಇದ್ದಿಲನ್ನು ಚಿಮಣಿಯಲ್ಲೇ ಹೊತ್ತಿಸುತ್ತೇನೆ. ಕೆಳಗೆ ಕಾಗದ, ಮೇಲೆ ಇದ್ದಿಲು, ಇಪ್ಪತ್ತು ನಿಮಿಷದೊಳಗೆ ಮೇಲಿನವೂ ಬೂದಿ ಬಣ್ಣಕ್ಕೆ ತಿರುಗುತ್ತವೆ. ಹೊತ್ತಿಸುವ ದ್ರವದ ವಾಸನೆ ನನಗೆ ಆಗದು. ಕೆಂಡವನ್ನೆಲ್ಲ ಒಂದೇ ಪಕ್ಕಕ್ಕೆ ಸುರಿದು, ಇನ್ನರ್ಧ ಖಾಲಿ ಬಿಡಿ. ಕೆಟಲ್‌ನಲ್ಲಿ ಕಲಿಯಬೇಕಾದ ಕೆಲಸ ಇದೊಂದೇ ಅಂದರೂ ತಪ್ಪಿಲ್ಲ. ಕೆಂಡದ ಮೇಲೆ ಸುಡುವುದು, ಖಾಲಿ ಕಡೆ ಬೇಯುವುದು. ಮೂಳೆ ಇರುವ ಕೋಳಿ ತೊಡೆಯನ್ನು ಖಾಲಿ ಕಡೆ ಇಟ್ಟು, ಮುಚ್ಚಳದ ಕಿಂಡಿ ಕೋಳಿಯ ಮೇಲೆ ಬರುವ ಹಾಗೆ ಮುಚ್ಚುತ್ತೇನೆ. ಆಗ ಬಿಸಿಗಾಳಿಯೂ ಹೊಗೆಯೂ ಕೋಳಿಯನ್ನು ಸವರಿಕೊಂಡೇ ಹೊರಗೆ ಹೋಗಬೇಕು. ಮೊದಮೊದಲು ತೊಗಲು ಬಿಳಿಚಿಕೊಂಡು ಮೆತ್ತಗಿರುತ್ತದೆ, ಆಮೇಲೆ ಕೊಬ್ಬು ಕರಗಿ ಚಿಕ್ಕ ಚಿಕ್ಕ ಗುಳ್ಳೆ ಏಳುತ್ತವೆ, ಅಂಚು ಕಂದಾಗಿ ಬಿಗಿಯುತ್ತದೆ. ಒಳಗಿನ ಕಾವು 74 ಡಿಗ್ರಿ ಮುಟ್ಟಿದೆಯಾ ಅಂತ ಚುಚ್ಚಿ ನೋಡುವ ಥರ್ಮಾಮೀಟರ್‌ನಲ್ಲಿ ನೋಡಿ, ಕೊನೆಗೆ ಕೆಂಡದ ಮೇಲೆ ತೊಗಲು ಕೆಳಗಾಗಿ ಒಂದು ನಿಮಿಷ. ಅಲ್ಲಿಂದ ಕದಲಬಾರದು, ಕೊಬ್ಬು ತೊಟ್ಟಿಕ್ಕಿ ಜ್ವಾಲೆ ಭಗ್ ಅಂತ ಏಳುತ್ತದೆ. ಎದ್ದರೆ ನೀರು ಎರಚಬೇಡಿ, ಮುಚ್ಚಳ ಹಾಕಿ, ಗಾಳಿ ಸಿಗದೆ ತಾನೇ ತಣ್ಣಗಾಗುತ್ತದೆ.

ಕಾವನ್ನು ಹಿಡಿದಿಡುವುದು ಕೆಳಗಿನ ಕಿಂಡಿಯ ಕೆಲಸ. ಮೇಲಿನದನ್ನು ನಾನು ತೆರೆದೇ ಇಡುತ್ತೇನೆ, ಮುಚ್ಚಿದರೆ ಹೊಗೆ ಒಳಗೇ ಸುತ್ತಿ ಊಟ ಕಹಿಯಾಗುತ್ತದೆ. ಹೊಸಬರು ಕಿಂಡಿ ಸ್ವಲ್ಪ ತಿರುಗಿಸಿ, ಎರಡು ನಿಮಿಷಕ್ಕೆ ಮುಚ್ಚಳ ಎತ್ತಿ ನೋಡಿ, ಮತ್ತೆ ತಿರುಗಿಸುತ್ತಾರೆ. ಹಾಗೆ ಮಾಡಿದರೆ ಅದು ಎಂದಿಗೂ ಒಂದು ಕಡೆ ನಿಲ್ಲದು. ಹತ್ತು ಹದಿನೈದು ನಿಮಿಷ ಬಿಡಬೇಕು. ಕಾವು ಏರಿಸುವುದು ಸುಲಭ, ಇಳಿಸುವುದು ಕಷ್ಟ, ಹಾಗಾಗಿ ಏರುತ್ತಿರುವಾಗಲೇ ಕಿಂಡಿ ಕಿರಿದು ಮಾಡಿ. ಮುಚ್ಚಳದ ಥರ್ಮಾಮೀಟರ್ ಮೇಲಿನ ಗಾಳಿಯ ಕಾವು ತೋರಿಸುತ್ತದೆ, ಜಾಲರಿಯ ಮಟ್ಟದ್ದಲ್ಲ. ಹೊಸ ರೆಕ್ಕೆ ಹಾಕಿದ ಮೇಲೆ ವ್ಯತ್ಯಾಸ ಎದ್ದು ಕಂಡಿತು, ಈಗ ಕಿಂಡಿ ಮುಚ್ಚಿದರೆ ಕೆಂಡ ನಿಜವಾಗಿಯೂ ಆರುತ್ತದೆ, ಉಳಿದ ಇದ್ದಿಲು ಮುಂದಿನ ಸಲಕ್ಕೆ ಆಗುತ್ತದೆ. ಅದಕ್ಕೇ ನಾನು ಹೊಳಪಿಗಿಂತ ರೆಕ್ಕೆಗೆ ದುಡ್ಡು ಹಾಕಿ ಅನ್ನುವುದು.

ಕಿರಿಕಿರಿಗಳೂ ಇವೆ. ಮುಚ್ಚಳಕ್ಕೆ ಕೀಲಿಲ್ಲ, ಒಂದು ಕೈಯಲ್ಲಿ ಇಕ್ಕಳ, ಇನ್ನೊಂದರಲ್ಲಿ ಬಿಸಿ ಮುಚ್ಚಳ ಹಿಡಿದು ನಿಲ್ಲಬೇಕು, ಒಳಗಿನ ಕೊಕ್ಕೆಯನ್ನು ಬಟ್ಟಲಿನ ಅಂಚಿಗೆ ಸಿಕ್ಕಿಸುವುದು ಅಭ್ಯಾಸವಾಗಬೇಕು. ಕೆಳಗಿನ ಬೂದಿ ತಟ್ಟೆ ತೆರೆದದ್ದು, ಗಾಳಿ ಬೀಸಿದರೆ ಬೂದಿ ಪ್ಯಾಂಟಿನ ಮೇಲೆ. ಮುಚ್ಚಿದ ಬೂದಿ ಡಬ್ಬಿ ಇರುವ ಮಾಡೆಲ್ ಸಿಕ್ಕರೆ ಅದನ್ನೇ ಆರಿಸಿ. ಪಕ್ಕದಲ್ಲಿ ತಟ್ಟೆ ಇಡಲು ಜಾಗವೂ ಇಲ್ಲ.

ಗ್ಯಾಸ್ ಗ್ರಿಲ್ ಬೇಗ ಕಾಯುತ್ತದೆ, ಹಸಿದವರು ಎದುರಿಗೆ ನಿಂತಿದ್ದರೆ ನಾನೂ ಅದನ್ನೇ ಹಚ್ಚುತ್ತೇನೆ. ಆದರೆ ಹಳೆಯ ಗ್ಯಾಸ್ ಗ್ರಿಲ್ ರಿಪೇರಿ ಇಷ್ಟು ಹಗುರದ್ದಲ್ಲ. ಬರ್ನರ್ ಕೊಳವೆ ತುಕ್ಕು ತಿಂದಿರುತ್ತದೆ, ಗಾಳಿ ಸೇರುವ ಬಾಯಿಯಲ್ಲಿ ಜೇಡ ಬಲೆ ಕಟ್ಟಿರುತ್ತದೆ, ಬಲೆ ಇದ್ದರೆ ಬೆಂಕಿ ಹಿಂದಕ್ಕೆ ಹೊಡೆಯಬಹುದು. ಹಳೆಯ ಪೈಪನ್ನು ಯೋಚಿಸದೆ ಬದಲಾಯಿಸಿ, ಜೋಡಣೆಗಳಿಗೆಲ್ಲ ಸೋಪಿನ ನೀರು ಸವರಿ ಗುಳ್ಳೆ ಬರುತ್ತದಾ ನೋಡಿದ ಮೇಲೆಯೇ ಬೆಂಕಿ ಕಡ್ಡಿ ಗೀರಿ. ಮೊದಲ ರಿಪೇರಿ ಅಂದರೆ ಇದ್ದಿಲಿನದೇ ಇರಲಿ. ಅದನ್ನೂ ಬಯಲಲ್ಲೇ ಉರಿಸಿ, ಮಳೆ ಬಂತು ಅಂತ ಗ್ಯಾರೇಜಿಗೆ ಎಳೆದುಕೊಂಡು ಹೋಗಬೇಡಿ, ಇದ್ದಿಲಿನಿಂದ ಬರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯೇ ಇಲ್ಲ.

ಇಟ್ಟುಕೊಳ್ಳುವುದಕ್ಕೆ ದೊಡ್ಡ ಆರೈಕೆ ಬೇಡ. ಬೂದಿಯನ್ನು ಪ್ರತಿ ಸಲವೂ ತೆಗೆಯಿರಿ, ಮುಚ್ಚಳವಿರುವ ಲೋಹದ ಡಬ್ಬಿಗೇ ಹಾಕಿ, ಒಳಗೆ ಎಲ್ಲೋ ಒಂದು ಕೆಂಡ ಮರುದಿನದವರೆಗೂ ಜೀವ ಹಿಡಿದಿರುತ್ತದೆ. ಹೊದಿಕೆಯನ್ನು ಗ್ರಿಲ್ ಪೂರ್ತಿ ತಣಿದ ಮೇಲೆ ಹಾಕಿ, ಬಿಸಿಲು ಬಂದಾಗ ತೆಗೆದಿಡಿ, ಒಳಗೆ ನಿಂತ ತೇವಕ್ಕೂ ತುಕ್ಕು ಹಿಡಿಯುತ್ತದೆ.