ಪಾರಿವಾಳದ ನೀರು: ಬೋಗುಣಿ, ಡ್ರಿಂಕರ್, ನಿಪ್ಪಲ್, ಎಣ್ಣೆ ಕ್ಯಾನ್

ಬಳ್ಳಾರಿಯ ಕೌಲ್ ಬಜಾರಿನಲ್ಲಿರುವ ನಮ್ಮ ಮನೆಯ ಮಾಳಿಗೆಯ ಮೇಲೆ 24 ಹೋಮರ್ ಪಾರಿವಾಳಗಳಿವೆ, ಅಂದರೆ ದೂರದಲ್ಲಿ ಬಿಟ್ಟರೂ ಗೂಡಿಗೆ ಮರಳಿ ಹಾರಿಬರುವ ರೇಸಿನ ಹಕ್ಕಿಗಳು. ರೇಸಿನ ಹಕ್ಕಿ ಸಾಕುವವರನ್ನು ಕಾಳಿನ ಬಗ್ಗೆ ಕೇಳಿ ನೋಡಿ, ಸಜ್ಜೆ ಎಷ್ಟು, ಮೆಕ್ಕೆಜೋಳ ಎಷ್ಟು, ಕಡಲೆ ಯಾವಾಗ ಎಂದು ಅರ್ಧ ಗಂಟೆ ಹೇಳುತ್ತಾರೆ. ನೀರಿನ ಮಾತು ಬಂದರೆ ಮಾತ್ರ "ಇಟ್ಟರಾಯಿತು" ಎಂದು ಮುಗಿಸುತ್ತಾರೆ. ನಾನೂ ಅದೇ ಜಾತಿಯವನು. ಎರಡು ಮರಿಗಳ ಗಂಟಲಲ್ಲಿ ಗಿಣ್ಣಿನ ಚೂರಿನಂಥ ಹಳದಿ ಗಂಟು ಕಾಣಿಸಿಕೊಂಡ ಮೇಲೆ ಬುದ್ಧಿ ಬಂತು.

ಅದು ಕ್ಯಾಂಕರ್. ಟ್ರೈಕೊಮೊನಾಸ್ ಎಂಬ ಏಕಕೋಶ ಜೀವಿಯಿಂದ ಬರುವ ರೋಗ. ತಾಯಿತಂದೆ ಮರಿಗೆ ಉಣಿಸುವ ಗಂಟಲಹಾಲಿನಿಂದ ಹರಡುತ್ತದೆ, ಒಂದೇ ಪಾತ್ರೆಯಲ್ಲಿ ಎಲ್ಲ ಹಕ್ಕಿಗಳೂ ಕೊಕ್ಕು ಅದ್ದುವುದರಿಂದಲೂ ಹರಡುತ್ತದೆ. ಆದರೆ ಒಣಗಿದ ಜಾಗದಲ್ಲಿ ಅದು ಬದುಕುವುದಿಲ್ಲ. ಈ ಕೊನೆಯ ಮಾತನ್ನು ಪಶುವೈದ್ಯರಿಂದ ಕೇಳಿದ ದಿನವೇ ನನ್ನ ಕಣ್ಣು ಕಾಳಿನ ಡಬ್ಬಿಯಿಂದ ನೀರಿನ ಪಾತ್ರೆಗೆ ಹೊರಳಿತು.

ನಮ್ಮ ಗೂಡಿನಲ್ಲಿ ಎರಡು ಕೋಣೆಗಳಿವೆ. ಹಾಗಾಗಿ ಒಂದೊಂದು ಕೋಣೆಯಲ್ಲಿ ಒಂದೊಂದು ಬಗೆಯ ಪಾತ್ರೆ ಇಟ್ಟು, ವಾರಕ್ಕೊಮ್ಮೆ ಅದಲುಬದಲು ಮಾಡುತ್ತ ಫೆಬ್ರವರಿಯಿಂದ ಮೇ ತನಕ ನೋಡಿದೆ. ಪರೀಕ್ಷೆ ಬಹಳ ಸರಳ: ಬೆಳಿಗ್ಗೆ ನೀರು ಚೆಲ್ಲಿ, ಪಾತ್ರೆಯ ಒಳಮೈಗೆ ಬೆರಳು ಉಜ್ಜುವುದು. ಬೆಂಡೆಕಾಯಿ ಹೆಚ್ಚಿದ ಕೈಯಂತೆ ಜಾರಿದರೆ ಪಾತ್ರೆ ಅಂದು ಸೋತಂತೆ.

ಮಣ್ಣಿನ ಬೋಗುಣಿಯಿಂದ ಶುರು ಮಾಡುತ್ತೇನೆ, ಏಕೆಂದರೆ ನನಗೆ ಅದರ ಮೇಲೆಯೇ ಪ್ರೀತಿ. ಬಳ್ಳಾರಿಯ ಏಪ್ರಿಲ್‌ನಲ್ಲಿ ಉಷ್ಣಾಂಶ 40 ಡಿಗ್ರಿ ದಾಟಿದಾಗಲೂ ಅದರ ನೀರು ತಣ್ಣಗಿರುತ್ತದೆ. ಪಾರಿವಾಳ ಕೋಳಿಯಂತೆ ಗುಟುಕು ತೆಗೆದು ತಲೆ ಎತ್ತಿ ನುಂಗುವುದಿಲ್ಲ. ಕೊಕ್ಕನ್ನು ಬುಡದವರೆಗೆ ಮುಳುಗಿಸಿ ಒಂದೇ ಸಮನೆ ಹೀರುತ್ತದೆ. ಅದಕ್ಕೆ ಒಂದು ಅಂಗುಲವಾದರೂ ಆಳ ಬೇಕು, ಬೋಗುಣಿಯಲ್ಲಿ ಅದು ಧಾರಾಳವಾಗಿ ಸಿಗುತ್ತದೆ. ಸಿರುಗುಪ್ಪದಿಂದ ಬಿಟ್ಟ ಹಕ್ಕಿ ಬಂದಿಳಿದು ಬೋಗುಣಿಗೆ ಕೊಕ್ಕಿಟ್ಟು ಕಣ್ಣು ಅರೆಮುಚ್ಚಿ ಕುಡಿಯುವುದನ್ನು ನೋಡುವುದೇ ಒಂದು ಸುಖ. ಆದರೆ ಅದೇ ಬೋಗುಣಿಯ ಅಂಚಿನ ಮೇಲೆ ಬಾಲ ಒಳಗಿಟ್ಟು ಕೂರುವುದೂ ಅದೇ ಹಕ್ಕಿ! ಮಧ್ಯಾಹ್ನದ ಹೊತ್ತಿಗೆ ನೀರಿನಲ್ಲಿ ಹಿಕ್ಕೆ, ಗರಿಪುಡಿ, ನಮ್ಮೂರಿನ ಕೆಂಪು ಧೂಳು. ಮಣ್ಣಿನ ರಂಧ್ರಗಳಲ್ಲಿ ಸೇರಿದ ಲೋಳೆ ಎಷ್ಟು ತಿಕ್ಕಿದರೂ ಮರುದಿನ ಹಾಜರು.

ಕೋಳಿ ಫಾರಂಗಳಲ್ಲಿ ಬಳಸುವ, ಕೆಂಪು ತಟ್ಟೆಯ ಮೇಲೆ ಬಿಳಿ ಜಾಡಿ ಬೋರಲಾಗಿ ಕೂರುವ ಡ್ರಿಂಕರ್ ಎಲ್ಲ ಅಂಗಡಿಗಳಲ್ಲೂ ಸಿಗುತ್ತದೆ, ಅಗ್ಗವೂ ಹೌದು. ಫೆಬ್ರವರಿಯಲ್ಲಿ ಇದೇ ಗೆಲ್ಲುತ್ತದೆ ಎಂದುಕೊಂಡಿದ್ದೆ. ಮಾರ್ಚ್ ಬಂದ ಮೇಲೆ ದಿನವೂ ಹತ್ತು ಗಂಟೆಯ ಸುಮಾರಿಗೆ ಅದರ ಸುತ್ತ ನೆಲ ಒದ್ದೆಯಾಗತೊಡಗಿತು. ತಟ್ಟೆ ಸೀಳಿದೆ ಎಂದು ಹೊಸದು ತಂದೆ, ಅದೂ ಹಾಗೆಯೇ ಸೋರಿತು. ಕೊನೆಗೆ ಅದರ ಮುಂದೆಯೇ ಕುಳಿತು ನೋಡಿದೆ. ಬಿಸಿಲು ಜಾಡಿಯ ಮೇಲೆ ಬೀಳುತ್ತಿದ್ದಂತೆ ಒಳಗೆ ಉಳಿದ ಗಾಳಿ ಕಾದು ಹಿಗ್ಗುತ್ತದೆ, ನೀರನ್ನು ಕೆಳಕ್ಕೆ ತಳ್ಳುತ್ತದೆ, ತಟ್ಟೆ ತುಂಬಿ ಹರಿಯುತ್ತದೆ. ಜಾಡಿ ಖಾಲಿಯಾದಷ್ಟೂ ಗಾಳಿ ಹೆಚ್ಚು, ಸೋರಿಕೆಯೂ ಹೆಚ್ಚು. ಒದ್ದೆ ಹಿಕ್ಕೆ ಎಂದರೆ ಕಾಕ್ಸಿಡಿಯಾ ಎಂಬ ಕರುಳಿನ ಪರಾವಲಂಬಿಗೆ ಹಾಸಿಗೆ ಹಾಸಿಕೊಟ್ಟಂತೆ. ಇಷ್ಟು ಸಾಲದೆಂಬಂತೆ ಬೆಳಕು ತೂರುವ ಪ್ಲಾಸ್ಟಿಕ್ಕಿನ ಒಳಗೆ ಪಾಚಿ ಹಿಡಿಯಿತು. ಜಾಡಿಯನ್ನು ನೆರಳಿಗಿಟ್ಟು ಗೋಣಿಚೀಲ ಸುತ್ತಿದರೆ ಎರಡೂ ತೊಂದರೆಗಳು ಅರ್ಧಕ್ಕಿಳಿಯುತ್ತವೆ. ಸೊಳ್ಳೆಗೆ ಹೊಗೆ ಹಾಕಲು ಬಂದವರು ಮಾತ್ರ ಅದು ನಾಟಕದ ವೇಷದಂತಿದೆ ಎಂದು ನಕ್ಕರು.

ನಿಪ್ಪಲ್ ಎಂದರೆ ಪೈಪಿಗೆ ಜೋಡಿಸಿದ, ಕೊಕ್ಕಿನಿಂದ ತಳ್ಳಿದರೆ ಹನಿ ಬಿಡುವ ಪುಟ್ಟ ತುದಿ. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೀರು ಹಿಕ್ಕೆಗೆ ಸೋಕುವುದೇ ಇಲ್ಲ, ಶುಚಿಯಲ್ಲಿ ಅದನ್ನು ಮೀರಿಸುವುದು ಬೇರೊಂದಿಲ್ಲ. ಎಳೆಯ ಹಕ್ಕಿಗಳು ನಾಲ್ಕೈದು ದಿನಗಳಲ್ಲಿ ಕಲಿತವು. ಹಳೆಯವು ಕೆಳಗೆ ಬಿದ್ದ ಹನಿಗಳನ್ನು ಹುಡುಕುತ್ತ ನಿಂತವು. ಹಾರಿ ಬಂದು ಬಾಯಾರಿದ ಹಕ್ಕಿಗೆ ಹನಿ ಹನಿಯಾಗಿ ಕುಡಿ ಎನ್ನುವುದು, ಹೊಲದಿಂದ ಬಂದವನಿಗೆ ಉದ್ಧರಣೆಯಲ್ಲಿ ಮಜ್ಜಿಗೆ ಕೊಟ್ಟಂತೆ. ಹಳೆಯವುಗಳ ಕೋಣೆಯಲ್ಲಿ ಮೂರನೆಯ ದಿನಕ್ಕೇ ಬಿಚ್ಚಿಟ್ಟು, ಎಳೆಯವುಗಳ ಕೋಣೆಯಲ್ಲಿ ಮಾತ್ರ ಇನ್ನೊಂದು ವಾರ ನಡೆಸಿದೆ. ಪೈಪಿನೊಳಗೆ ಏನಿದೆ ಎಂದು ನೋಡಲಾಗದ್ದು ನನಗೆ ಕೊನೆಯವರೆಗೂ ಕಸಿವಿಸಿ ಉಂಟುಮಾಡಿತು.

ಉಳಿದದ್ದು ಅಡುಗೆಮನೆಯಿಂದ ಎತ್ತಿಕೊಂಡ ಐದು ಲೀಟರಿನ ಎಣ್ಣೆ ಕ್ಯಾನ್. ಮೊದಲು ಬಿಸಿನೀರು, ಸೀಗೆಪುಡಿ ಹಾಕಿ ಜಿಡ್ಡು ಬಿಡಿಸಿದೆ. ಕ್ಯಾನಿನ ತಳದಿಂದ ನಾಲ್ಕು ಬೆರಳು ಎತ್ತರದಲ್ಲಿ ಎರಡು ಬದಿಗಳಲ್ಲಿ ಹಕ್ಕಿಯ ತಲೆ ಹಿಡಿಸುವಷ್ಟು ಕಿಂಡಿ ಕೊಯ್ದು, ಅಂಚು ಕೊರಳಿಗೆ ಚುಚ್ಚದಂತೆ ಮೇಣದಬತ್ತಿಯ ಉರಿಗೆ ಹಿಡಿದು ದುಂಡಾಗಿಸಿದೆ. ಮೇಲ್ಭಾಗವನ್ನು ಮುಚ್ಚಳದಂತೆ ತೆರೆಯಲು ಬರುವ ಹಾಗೆ ಮೂರು ಬದಿ ಕತ್ತರಿಸಿದೆ. ಕ್ಯಾನಿನ ಕುತ್ತಿಗೆಗೆ ತಂತಿ ಕಟ್ಟಿ ಗೋಡೆಗೆ ತೂಗುಹಾಕಿದ್ದರಿಂದ ಮೇಲೆ ಯಾರೂ ಕೂರುವುದಿಲ್ಲ, ನೀರಿಗೆ ಬಾಲ ತಾಗುವುದಿಲ್ಲ, ಕೊಕ್ಕು ಮುಳುಗುವಷ್ಟು ಆಳವೂ ಇದೆ. ಮುಖ್ಯವಾಗಿ ನನ್ನ ಕೈ ಮೊಣಕೈವರೆಗೆ ಒಳಗೆ ಹೋಗುತ್ತದೆ, ಮೂಲೆಮೂಲೆಗೂ ತೆಂಗಿನ ನಾರು ತಲುಪುತ್ತದೆ. ಇಂಥವನ್ನೇ ನಾಲ್ಕು ಮಾಡಿಕೊಂಡಿದ್ದೇನೆ. ಎರಡು ಗೂಡಿನಲ್ಲಿ, ಎರಡು ಮಾಳಿಗೆಯ ಬಿಸಿಲಿಗೆ ಬೋರಲು. ಮರುದಿನ ಅವು ಒಳಗೆ, ಇವು ಬಿಸಿಲಿಗೆ. ಬೆರಳು ಜಾರಿದ ದಿನಗಳು ಕಡಿಮೆಯಾದದ್ದು ಇದರಿಂದಲೇ. ಕೊರತೆ ಒಂದೇ, ಮಧ್ಯಾಹ್ನಕ್ಕೆ ನೀರು ಬೆಚ್ಚಗಾಗುತ್ತದೆ, ಇನ್ನೊಮ್ಮೆ ಬದಲಾಯಿಸಬೇಕು.

ನೀರಿನ ಮೂಲದ ಬಗ್ಗೆ ಒಂದು ಮಾತು. ನಲ್ಲಿಯ ನೀರು, ನಾಣ್ಯ ಹಾಕಿ ತುಂಬಿಸುವ ಘಟಕದ ಶುದ್ಧ ನೀರು, ಎರಡನ್ನೂ ಕೊಟ್ಟು ನೋಡಿದೆ. ಕೊಳೆ ಬೋಗುಣಿಯಲ್ಲಿ ಘಟಕದ ನೀರೇ ಬೇಗ ಲೋಳೆಯಾಯಿತು. ಶೋಧಿಸುವಾಗ ಕ್ಲೋರಿನ್ನೂ ಹೋಗಿರುತ್ತದೆ, ಅದನ್ನು ಕಾಯುವವರು ಯಾರೂ ಇರುವುದಿಲ್ಲ. ಈಗ ನಲ್ಲಿ ಬಿಟ್ಟ ದಿನ ಮುಚ್ಚಳವಿರುವ ಡ್ರಮ್ಮಿಗೆ ತುಂಬಿ, ಕೆಸರು ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನು ಬಟ್ಟೆಯಲ್ಲಿ ಸೋಸಿ ಕೊಡುತ್ತೇನೆ.

ಬೋಗುಣಿಯನ್ನು ಎಸೆಯಲು ಮನಸ್ಸಾಗಲಿಲ್ಲ. ಭಾನುವಾರ ಬೆಳಿಗ್ಗೆ ಅದನ್ನು ಸ್ನಾನಕ್ಕೆ ಇಡುತ್ತೇನೆ. ಮೊದಲು ಕ್ಯಾನಿನಲ್ಲಿ ಕುಡಿಸಿ ಆಮೇಲೆ ಇಟ್ಟರೆ ಅದರ ನೀರಿಗೆ ಕೊಕ್ಕು ಹಾಕುವುದು ಕಡಿಮೆ. ಅರ್ಧ ಗಂಟೆ ರೆಕ್ಕೆ ಬಡಿದು ಮಾಳಿಗೆಯನ್ನೆಲ್ಲ ತೋಯಿಸುತ್ತವೆ. ಮೇಲೆ ತೇಲುವ ಬಿಳಿ ಗರಿಪುಡಿಯ ಸಮೇತ ಆ ನೀರನ್ನು ನುಗ್ಗೆ ಗಿಡಕ್ಕೆ ಸುರಿದು ಬೋಗುಣಿ ಎತ್ತಿಡುತ್ತೇನೆ.